ಮೂರನೆಯ ಬಕೆಟ್

ಮನಿಲಾದ ಸ್ಟುಡಿಯೊ ಒಂದರಲ್ಲಿ ಸಿನಿಮಾದ ಕೊನೆಯ ದೃಶ್ಯಕ್ಕೆ ಸಿದ್ಧತೆ ನಡೆದಿತ್ತು. ಹದಿನಾರು ವರ್ಷದ ನಾಯಕಿ ಕದ್ದು ಗರ್ಭ ತೆಗೆಸಿಕೊಂಡು ಬಂದು, ಚರ್ಚಿನ ಮೆಟ್ಟಿಲ ಮೇಲೆ ರಕ್ತ ಹರಿಸಿಕೊಂಡು ಸಾಯಬೇಕು. ಬಸಿರು ಮಾಡಿದ ಹುಡುಗನನ್ನು ಮೂರನೇ ದೃಶ್ಯದಲ್ಲೇ ಹಡಗಿನ ಕೆಲಸಕ್ಕೆ ಕಳಿಸಿಯಾಗಿತ್ತು. ಆಮೇಲೆ ಅವನ ನೆನಪು ಕತೆಗಾರನಿಗೂ ಬರಲಿಲ್ಲ.

ಮೇಕಪ್ಪಿನ ಮುದುಕಿ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿ ಮೆಟ್ಟಿಲಿಗೆ ಹುಯ್ದಳು.

"ಇನ್ನೂ ಸುರಿ," ಎಂದ ನಿರ್ದೇಶಕ.

"ಎರಡು ಬಕೆಟ್ ಆಯ್ತು ಸಾರ್. ಅಷ್ಟೊಂದು ರಕ್ತ ಹೋಗಲ್ಲ."

"ನಮ್ಮದು ನೈಜ ಸಿನಿಮಾ ಕಣಜ್ಜಿ. ಮಾಡಿದ ಪಾಪ ಬೀದೀವರೆಗೂ ಹರೀಬೇಕು."

ಮುದುಕಿ ಮೂರನೆಯ ಬಕೆಟ್ಟನ್ನೂ ಸುರಿದಳು.

"ಸಾಯ್ಲೇಬೇಕಾ ಸಾರ್? ಎದ್ದು ಮನೆಗೆ ಹೋಗ್ಲಿ ಬಿಡಿ."

ನಿರ್ದೇಶಕ ನಕ್ಕುಬಿಟ್ಟ. "ಯಾರು ನಂಬ್ತಾರೆ? ಇಂಥದ್ದು ಮಾಡಿಸ್ಕೊಂಡೋಳು ಬದುಕಿ ಉಳಿದು, ಕೆಲಸಕ್ಕೆ ಹೋಗಿ, ತಲೆ ನರೆಯೋವರೆಗೂ ಚೆನ್ನಾಗಿರೋದನ್ನ ನೀನು ಎಲ್ಲಾದ್ರೂ ನೋಡಿದೀಯಾ?"

ಮುದುಕಿ ಖಾಲಿ ಬಕೆಟ್ ಕೆಳಗಿಟ್ಟು, ಅಂಗಿಗೇ ಕೈ ಒರೆಸಿಕೊಂಡಳು.

"ದಿನಾ ಕನ್ನಡೀಲಿ ನೋಡ್ತೀನಿ ಸಾರ್."