ಕತೆಯಲ್ಲಿ ಬಿಟ್ಟ ಸಾಲು

ಡಾಕ್ಟರು ಮುಂದಿಟ್ಟ ಕಾಗದಕ್ಕೆ ಮಾಬ್ಲೇಶ್ವರ ಸಹಿ ಹಾಕಬೇಕು ಅನ್ನುವಷ್ಟರಲ್ಲಿ ಅವನ ತಾಯಿ ಸುಬ್ಬಿ ಪೆನ್ನು ಹಿಡಿದ ಕೈಯನ್ನೇ ಹಿಡಿದುಬಿಟ್ಟಳು.

"ತಡಿಯೋ ಮಾಬ್ಲು. ದಾಕ್ತರಬಾಯೀ, ಕಣ್ಣು ತೆಗೀಬೇಡಿ. ಬೀಜ ತಂದ್ಕಂಡೇ ಬಂದಿದ್ದೆ ನಾ."

"ಎಂಥದ್ರ ಬೀಜ?" ಎಂದರು ಡಾಕ್ಟರ್ ನಂದಿನಿ.

"ಕಣ್ಣಿಂದು."

ಸುಬ್ಬಿ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ತಾಯಿತವೊಂದನ್ನು ಮೇಜಿನ ಮೇಲಿಟ್ಟಳು. ಗೋಡೆಗೊರಗಿ ನಿಂತಿದ್ದ ಮಾಬ್ಲೇಶ್ವರನ ಮಗಳು ದುರ್ಗಾ ಅದನ್ನು ಕಂಡದ್ದೇ ಮೇಜಿನ ಹತ್ತಿರ ಬಂದಳು. ಅಪ್ಪ ಹುಟ್ಟಿದಾಗ ಉದುರಿದ ಹೊಕ್ಕುಳ ಬಳ್ಳಿಯ ತುಂಡು ಅದರೊಳಗಿತ್ತು. ಮಗ ಬದುಕಿರುವ ತನಕ ಅದನ್ನು ಬಿಚ್ಚಬಾರದು, ಬಿಚ್ಚಿದರೆ ಸಮುದ್ರ ಅವನನ್ನು ಹೆಸರು ಹಿಡಿದು ಕರೆಯುತ್ತದೆ ಎಂದು ಹೇಳುತ್ತ ಬಂದವಳು ಅಜ್ಜಿಯೇ. ನಲವತ್ತೆರಡು ವರ್ಷ ದೇವರ ಪೆಟ್ಟಿಗೆಯಲ್ಲಿದ್ದ ತಾಯಿತದ ಮೇಣದ ಬಾಯನ್ನು ಈಗ ಉಗುರಿನಿಂದ ಕೆರೆಯುತ್ತಿದ್ದವಳೂ ಅವಳೇ. ಕೆರೆಯುತ್ತ ಕೆರೆಯುತ್ತ ಕಣ್ಣು ಮುಚ್ಚಿಕೊಂಡಿದ್ದಳು.

ಇಪ್ಪತ್ತು ದಿನದ ಹಿಂದೆ ಬೈತಖೋಲ ಬಂದರಿನಿಂದ ಮೀನಿಗೆ ಹೋದ ಬೋಟಿನಲ್ಲಿ ಬಲೆಯ ಹಗ್ಗ ತುಂಡಾಗಿ ಮಾಬ್ಲೇಶ್ವರನ ಎಡಗಣ್ಣಿಗೆ ಬಡಿದಿತ್ತು. ಒಡೆದ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ, ಎರಡು ವಾರದೊಳಗೆ ತೆಗೆಸಿ, ಬಿಟ್ಟರೆ ಬಲಗಣ್ಣಿಗೂ ಅಪಾಯ ಎಂದು ನಂದಿನಿ ಮೊದಲ ದಿನವೇ ಹೇಳಿದ್ದರು. ನಾಳೆ, ನಾಡಿದ್ದು, ಅಮಾವಾಸ್ಯೆ ಕಳೀಲಿ ಎಂದು ಮುಂದೂಡಿದವಳು ಸುಬ್ಬಿ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ತಾಯಿತಕ್ಕೆ ಕೈಹಾಕುವ ಧೈರ್ಯಕ್ಕೆ ಅವಳಿಗೆ ಅಷ್ಟು ದಿನ ಬೇಕಾಗಿತ್ತು.

ದುರ್ಗಾಳಿಗೆ ಹಾರವಾಡದ ಮನೆಯ ಹಿತ್ತಿಲು ನೆನಪಾಯಿತು. ಅಪ್ಪನ ಕಣ್ಣಿಗೆ ಪೆಟ್ಟು ಬೀಳುವುದಕ್ಕೂ ಮೊದಲಿನ ಮಾತು. ಅಜ್ಜಿ ಬಂಗಡೆ ಮೀನು ಕೊಯ್ಯುತ್ತಿದ್ದಳು. ದುರ್ಗಾ ಕಾಲೇಜಿನ ಪಾಠವನ್ನು ಅಜ್ಜಿಯ ಧಾಟಿಯಲ್ಲೇ ಕತೆ ಮಾಡಿ ಹೇಳಿದ್ದಳು. "ಒಂದೂರಲ್ಲಿ ಒಬ್ಬ ಬಾಟ್ಲಿಯ ಬಿರಡೆ ತೆಳ್ಳಗೆ ಸೀಳಿ, ದೊಡ್ಡದು ಮಾಡಿ ತೋರಿಸೂ ಗಾಜಿನೊಳಗೆ ನೋಡ್ದ. ಜೇನುಗೂಡಿನ ಹಾಗೆ ಕೋಣೆ, ಕೋಣೆ."

"ಹೂಂ."

"ಜೀವ ಇದ್ದದ್ದೆಲ್ಲ ಅಂಥ ಕೋಶದಿಂದ್ಲೇ ಆದದ್ದಂತೆ. ತಾಯಿ ಹೊಟ್ಟೆಲಿ ಮೊದ್ಲು ಒಂದೇ ಕೋಶ. ಅದು ಎರಡಾಯ್ತು, ನಾಕಾಯ್ತು, ಎಲ್ಲಾ ಒಂದೇ ನಮನಿ. ಆಮೇಲೆ ಒಂದಿಷ್ಟು 'ನಾವು ಕಣ್ಣಾಗ್ತೇವೆ' ಅಂದ್ವು. ಒಂದಿಷ್ಟು 'ನಾವು ಎಲುಬು' ಅಂದ್ವು. ಒಮ್ಮೆ ಕೆಲಸ ಹಿಡಿದ್ರೆ ತಿರುಗಿ ಬರೂಕಿಲ್ಲ."

"ಊರೆಲ್ಲ ಸೇರಿ ದಂಡೆಗೆ ರಾಂಪಣಿ ಬಲೆ ಎಳೆದಂಗೇ. ಹಗ್ಗ ಹಿಡಿದವ ಹಗ್ಗಕ್ಕೆ, ದೋಣಿ ಹತ್ತಿದವ ದೋಣಿಗೆ. ಹೂಂ, ಮುಂದೆ?"

"ಹೊಕ್ಕುಳ ಬಳ್ಳಿಲಿ ಮಾತ್ರ, ಎಂತ ಆಗಬೇಕು ಅಂತ ಇನ್ನೂ ಯೋಚಿಸ್ತಾ ಕೂತ ಕೋಶ ಉಂಟು, ಅಜ್ಜಿ."

ಅಜ್ಜಿಯ ಕತ್ತಿ ಅಲ್ಲಿ ನಿಂತಿತ್ತು. ಹೂಂಗುಟ್ಟದಿದ್ದರೆ ಕತೆ ದಾರಿ ತಪ್ಪುತ್ತದೆ ಎಂದು ಕಲಿಸಿದವಳೇ ಆವತ್ತು ಹೂಂ ಅನ್ನಲಿಲ್ಲ.

ತಾಯಿತದಿಂದ ಮೆಣಸಿನಕಾಳಿನಷ್ಟು ಕಪ್ಪು ಚೂರೊಂದು ಮೇಜಿನ ಗಾಜಿನ ಮೇಲೆ ಉದುರಿತು. ನಂದಿನಿ ನಗಲಿಲ್ಲ. "ಇದು ಒಣಗಿಹೋಗಿದೆ ಅಜ್ಜಿ. ಜೀವ ಇಲ್ಲ."

"ಒಣಗಿದ್ರೆ ಎಂತ ಆಯ್ತು? ಬಿತ್ತೂ ಭತ್ತ ಹಸಿ ಇರ್ತದ್ಯಾ? ನೀರು ಬಿದ್ರೆ ಏಳೂದಿಲ್ವಾ?"

"ಇದು ಭತ್ತ ಅಲ್ಲ. ಹುಟ್ಟಿದ ಗಳಿಗೆಯಲ್ಲೇ ಬಳ್ಳಿಯ ರಕ್ತ ತೆಗೆದು, ಕಲ್ಲಾಗುವಷ್ಟು ಚಳಿಯಲ್ಲಿ ಇಡಬೇಕು. ಇಟ್ಟರೂ ಅದರಿಂದ ರಕ್ತ ಮಾತ್ರ ಆದೀತು. ಕಣ್ಣು ಮಾಡೋದು ಯಾರಿಗೂ ಬಂದಿಲ್ಲ. ನಿಮಗೆ ಯಾರು ಹೇಳಿದ್ದು ಇದನ್ನ?"

ಸುಬ್ಬಿ ಮೊಮ್ಮಗಳ ಕಡೆ ತಿರುಗಲೇ ಇಲ್ಲ. "ಮೀನುಪೇಟೆಲಿ ಯಾರೋ ಅಂದ್ರು," ಎಂದಳು.

ಚಳಿಯಲ್ಲಿ ಇಡಬೇಕೆಂಬ ಸಾಲು ಪುಸ್ತಕದಲ್ಲಿತ್ತು. ರಕ್ತದ ಮಾತೂ ಅದರ ಪಕ್ಕದಲ್ಲೇ ಇತ್ತು. ಕತೆಗೆ ಚೆಂದ ಕಾಣಲಿಲ್ಲವೆಂದು ದುರ್ಗಾ ಎರಡನ್ನೂ ಬಿಟ್ಟಿದ್ದಳು.

"ಆಯೀ, ಬಿಡೇ," ಎಂದ ಮಾಬ್ಲೇಶ್ವರ. "ನಿನ್ನ ಜಗಳ ನೋಡೂಕೆ ಒಂದು ಕಣ್ಣು ಸಾಕು ನಂಗೆ." ಕಾಗದದ ಮೇಲೆ ಬಗ್ಗಿದವನು ಕಿಟಕಿಯ ಬೆಳಕಿಗೆ ಕೈ ಅಡ್ಡ ಹಿಡಿದ. ನಂದಿನಿ ಥಟ್ಟನೆ ಕೇಳಿದರು, "ಬಲಗಣ್ಣಿಗೆ ಬೆಳಕು ಚುಚ್ಚುತ್ತದಾ? ಯಾವಾಗಿಂದ?"

"ಮೊನ್ನೆಯಿಂದ. ಸ್ವಲ್ಪ ಮಂಜೂ ಉಂಟು."

ನಂದಿನಿ ನರ್ಸನ್ನು ಕೂಗಿದರು. ಮಾಬ್ಲೇಶ್ವರನ ಸಹಿ ಗೆರೆ ತಪ್ಪಿ ಕೆಳಗೆ ಬಿದ್ದಿತ್ತು.

ಅವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಸುಬ್ಬಿ ಬೆರಳ ತುದಿಯನ್ನು ನಾಲಿಗೆಗೆ ಒತ್ತಿ, ಗಾಜಿನ ಮೇಲಿನ ಚೂರನ್ನು ಅಂಟಿಸಿ ಎತ್ತಿ, ತಾಯಿತದೊಳಗೆ ಇಳಿಸಿದಳು. ಹೊರಗೆ ಬೆಂಚಿನ ಮೇಲೆ ಕೂತು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅಜ್ಜಿ, ನಾನು ಪೂರಾ ಹೇಳ್ಲಿಲ್ಲ ಆವತ್ತು."

"ಗೊತ್ತಾಯ್ತು ಬಿಡು ಮಗಾ. ಕತೆ ಚೆಂದ ಆಗ್ಲಿ ಅಂತ ನಾನೂ ಎಷ್ಟೋ ಬಿಟ್ಟಿದ್ದೆ." ಮುಷ್ಟಿ ಬಿಡಿಸಿ ತಾಯಿತ ತೋರಿಸಿದಳು, "ಎಂತ ಆಗಬೇಕು ಅಂತ ಇದು ಯೋಚಿಸ್ತಾ ಕೂತದೆ ಅಂದ್ಕಂಡು, ನಾನೂ ಕೂತ್ಬಿಟ್ಟೆ. ಇಪ್ಪತ್ತು ದಿನ."

ಹೇಳಿ, ಕತೆ ಹೇಳುವಾಗಿನಂತೆ ದುರ್ಗಾಳ ಮುಖ ನೋಡುತ್ತ ಕಾದಳು. ದುರ್ಗಾಳಿಗೆ ಹೂಂಗುಟ್ಟಲಾಗಲಿಲ್ಲ.