ಬಿಡಿಸಿಕೊಂಡ ಕೈ

“ಗಂಡ ಅಲ್ಲೇ ಉಳ್ಕೊಂಡ್ರೆ, ನೀವೊಬ್ಬರೇ ಈ ದೇಶಕ್ಕೆ ವಾಪಸ್ ಬರ್ತೀರಾ?” ಎಂದು ವೀಸಾ ಅಧಿಕಾರಿ ಗಾಜಿನಾಚೆಯಿಂದ ಕೇಳಿದ ಕೂಡಲೇ ಹೆಂಡತಿಯ ಕೈ ಬಂದು, ಪಕ್ಕದಲ್ಲಿ ನಿಂತಿದ್ದ ಗಂಡನ, ಆ ಬೇಕರಿಯವನ, ಮುಂಗೈ ಹಿಡಿದುಕೊಂಡಿತು.

ಹೋದ ಸಲ ಅವಳಿಗೆ ವೀಸಾ ಸಿಗದ ಮೇಲೆ ಏಜೆಂಟ್ ಅವನಿಗೆ ಕಡ್ಡಿ ಮುರಿದಂತೆ ಹೇಳಿದ್ದ: “ಗಂಡ-ಹೆಂಡತಿ ಅಂತ ಗೊತ್ತಾಗ್ಬೇಕು ಅಣ್ಣಾ, ಆದ್ರೆ ಬಿಟ್ಟಿರೋಕಾಗಲ್ಲ ಅಂತ ಗೊತ್ತಾಗ್ಬಾರದು. ಅತ್ತಿಗೆ ಒಬ್ಬರೇ ಆದ್ರೂ ತಮ್ಮ ದೇಶಕ್ಕೆ ವಾಪಸ್ ಬರ್ತಾರೆ ಅಂತ ನಂಬಿಕೆ ಬಂದ್ರೇನೇ ಮುದ್ರೆ.” ಅದಕ್ಕೇ ಈ ಸಲ ಬೇಕರಿಯವನು ಅರ್ಜಿಯ ಜೊತೆಗೆ ಹೆಗಲಿಗೆ ಹೆಗಲು ತಾಗದ ಫೋಟೋಗಳನ್ನೇ ಹುಡುಕಿ ಕೊಟ್ಟಿದ್ದ. ತಾನು ಬಿಟ್ಟು ಬಂದ ದೇಶದಲ್ಲಿ, ತನ್ನೂರಲ್ಲಿ ಹಾಸಿಗೆ ಹಿಡಿದ ಅಮ್ಮನಿಗೆ ಒಮ್ಮೆ ಸೊಸೆಯ ಮುಖ ತೋರಿಸಬೇಕು, ಅಷ್ಟೇ. ಅಷ್ಟಕ್ಕೇ ಓಡಾಡಿ ಓಡಾಡಿ ಸಾಕುಸಾಕಾಗಿತ್ತು. ನೊಣ ಓಡಿಸಿದ ಹಾಗೆ ಅವನು ಅವಳ ಕೈ ಕೊಡವಿಕೊಂಡ.

ಹೆಂಡತಿ ಒಂದು ಗಳಿಗೆ ತನ್ನ ಖಾಲಿ ಕೈಯನ್ನೇ ನೋಡಿದಳು. ಆಮೇಲೆ, ಗಂಡನಿಂದಲೇ ಕಲಿತ ಭಾಷೆಯಲ್ಲಿ, “ಬರ್ತೀನಿ” ಎಂದಳು. ಅಧಿಕಾರಿ ತಲೆಯೆತ್ತಿ ಅವಳ ಮುಖ ನೋಡಿದ. ಮತ್ತೇನೂ ಕೇಳದೆ ಮುದ್ರೆ ಒತ್ತಿದ.

ಹೊರಗೆ ಮೆಟ್ಟಿಲ ಮೇಲೆ ಬೇಕರಿಯವನು ಉಸ್ಸಪ್ಪಾ ಎಂದ. “ಅಂತೂ ಗೆದ್ವಿ ನೋಡು! ಏನು ಚೆನ್ನಾಗಿ ನಾಟಕ ಆಡಿದೆ ನೀನು!” ಎನ್ನುತ್ತಾ ಕೈ ಚಾಚಿದ.

ಅವಳು ಕೈಚೀಲವನ್ನು ಅವನ ಕಡೆಗಿದ್ದ ತನ್ನ ಕೈಗೆ ಬದಲಾಯಿಸಿಕೊಂಡಳು.

“ನಾನು ಆಡ್ಲಿಲ್ಲ,” ಎಂದು ಮೆಟ್ಟಿಲಿಳಿದಳು.