ಕರಿಮರಕ್ಕೆ ಪೈನ್ ವೇಗ

ಕೊಳಲು ಮಾಡುವವಳ ಅಣ್ಣನಿಗೆ ಎರಡು ನಿಮಿಷದ ತಾಳ್ಮೆ ಇರಲಿಲ್ಲ. ಡ್ರಿಲ್ಲಿಂಗ್ ಮೆಷಿನ್ ನಿಲ್ಲಿಸಿ, ಮುಚ್ಚಳ ತೆಗೆದು, ಬೆಲ್ಟನ್ನು ನಿಧಾನದ ಗಾಲಿಗೆ ಹಾಕಲು ಅಷ್ಟು ಹೊತ್ತು ಸಾಕಿತ್ತು. ಬೆಳಿಗ್ಗೆ ಮೆತ್ತನೆಯ ಪೈನ್ ಕೊರೆದ ವೇಗದಲ್ಲೇ ಅವನು ಈಗ ಕಲ್ಲಿನಂಥ ಕರಿಮರ ಕೊರೆಯುತ್ತಿದ್ದ. ತೀರಿಕೊಂಡ ಅಪ್ಪ ಮಗಳ ಕೊಳಲುಗಳಿಗೆಂದು ಹನ್ನೆರಡು ವರ್ಷದ ಹಿಂದೆ ಒಣಗಲು ಇಟ್ಟ ಮರ ಅದು. ಅವಳು ಬಾಗಿಲಿಗೆ ಬಂದಾಗ ಶೆಡ್ಡಿನ ತುಂಬ ಕೂದಲು ಸುಟ್ಟಂಥ ನಾತ. ಅಣ್ಣ ಬಗ್ಗಿ, ಹೊಗೆಯಾಡುತ್ತಿದ್ದ ತೂತಿಗೆ ಕ್ಯಾಕರಿಸಿ ಉಗಿದ. ಎಂಜಲು ಚುರ್ರೆಂದಿತು.

“ಥೂ! ಅದನ್ನ ಜನ ಬಾಯಿಗಿಡ್ತಾರೆ ಕಣೋ!”

“ತಣ್ಣಗಾಗ್ಲಿ ಅಂತ, ತಾಯೀ. ತೊಳೆದ್ರೆ ಹೋಗುತ್ತೆ.”

ಅವಳು ಮೆಷಿನ್ ನಿಲ್ಲಿಸಿ ತುಂಡನ್ನು ಬೆಳಕಿಗೆ ಹಿಡಿದಳು. ಉದ್ದಕ್ಕೂ ಸೀಳಿತ್ತು. ಅವನ ಕಾಲ ಬಳಿಯ ಬುಟ್ಟಿಯಲ್ಲಿದ್ದವೂ ಹಾಗೇ ಸೀಳಿದ್ದವು. ಸೀಳುಗಳಿಗೆ ಅವನು ಬೂಟ್ ಪಾಲಿಶ್ ಮೆತ್ತಿದ್ದ.

“ಮೊದಲನೇದು ಸೀಳಿದಾಗಲಾದ್ರೂ ಬೆಲ್ಟ್ ಬದಲಿಸಬಾರದಿತ್ತಾ?”

“ಹೋದದ್ದು ಹೋಯ್ತು, ಮತ್ತೆ ಮುಚ್ಚಳ ಯಾರು ಬಿಚ್ತಾರೆ ಅಂತ ಬಿಟ್ಟೆ. ಪಾಲಿಶ್ ಒಳಗಿನ ಸೀಳು ಯಾರಿಗೆ ಕಾಣುತ್ತೆ? ನಿನ್ನ ಹಾಗೆ ಎಲ್ಲರೂ ಮೂಸಿ ನೋಡ್ತಾರಾ?”

ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡು, ತುಂಡು ವಾಪಸು ಕೊಡು ಎಂದು ಅವನು ಕೈ ಚಾಚಿದ. ಅವಳು ಆ ಕೈ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಶೆಡ್ಡಿನ ಬೀಗದಕೈ ಎತ್ತಿಕೊಂಡಳು.

“ಆಚೆ ಹೋಗು. ಇನ್ನು ಇಲ್ಲಿಗೆ ಕಾಲಿಡಬೇಡ.”

ಅವನು ಗೊಣಗುತ್ತಾ ಹೋದ ಮೇಲೆ ಅವಳು ಬುಟ್ಟಿಯನ್ನು ನೆಲಕ್ಕೆ ಸುರಿದಳು. ನೆಲದ ಮೇಲೆ ಆರು, ಕೈಯಲ್ಲಿ ಒಂದು. ಅಪ್ಪ ಇಟ್ಟಿದ್ದು ಏಳು, ಏಳೂ ಹೋಗಿದ್ದವು.